ಫೈಬರ್‌ಗೆ ದೊಡ್ಡ ದೀಪ ಏಕೆ ಬೇಡ?



ಮಲಯಾಳ ಶಾಲೆಗೆ ಹೋಗುವ ನಮ್ಮ ಮಕ್ಕಳಿಗೆ ವಾರಕ್ಕೊಮ್ಮೆ ಸಿಗುವ ಕನ್ನಡ ಪಾಠ, ಸಂಘದ ಸಭಾಭವನದಿಂದ ಫೈಬರ್ ಇಂಟರ್‌ನೆಟ್ ಮೂಲಕ ನಡೆಯುತ್ತಿದೆ. ಕಳೆದ ತಿಂಗಳು ಪಾಠದ ನಡುವೆಯೇ ಸಂಪರ್ಕ ಕಡಿಯಿತು. "ಬೆಳಕು ಸಾಲದಿದ್ದರೆ ದೊಡ್ಡ ದೀಪ ಹಾಕಬಾರದೇ?" ಎಂದು ಹಿರಿಯ ಸದಸ್ಯರೊಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ತಿಳಿದಷ್ಟು ಬರೆಯುತ್ತಿದ್ದೇವೆ.

ಫೈಬರ್‌ನಲ್ಲಿ ಬೆಳಕು ಸಾಗುವ ಗಾಜಿನ ತಿರುಳಿನ ಅಗಲ ಸುಮಾರು 9 ಮೈಕ್ರಾನ್. ಅಂದರೆ ಮಿಲಿಮೀಟರಿನ ನೂರರಲ್ಲೊಂದು ಪಾಲಿಗಿಂತಲೂ ಕಡಿಮೆ. ಬೆಳಕು ಹೆಚ್ಚುಕಡಿಮೆ ನೇರವಾಗಿ, ಸುಮಾರು 8 ಡಿಗ್ರಿ ಓರೆಯೊಳಗೆ ಬಂದರೆ ಮಾತ್ರ ಒಳಗೆ ನಿಲ್ಲುತ್ತದೆ. ಸಾಮಾನ್ಯ ಎಲ್‌ಇಡಿ ದೀಪದ ಬೆಳಕು ಅಗಲವಾದ ಜಾಗದಿಂದ ಹೊರಟು ಸುತ್ತ ಚೆಲ್ಲುತ್ತದೆ.

ಮಸೂರವಿಟ್ಟು ಒಟ್ಟುಗೂಡಿಸಬಹುದಲ್ಲ? ಇಲ್ಲಿಯೇ ತೊಡಕು. ಬೆಳಕಿನ ಚುಕ್ಕೆಯನ್ನು ಕಿರಿದು ಮಾಡಿದಷ್ಟೂ ಕಿರಣಗಳ ಓರೆ ಹೆಚ್ಚುತ್ತದೆ; ಓರೆ ತಗ್ಗಿಸಿದರೆ ಚುಕ್ಕೆ ಹಿಗ್ಗುತ್ತದೆ. ಯಾವ ಮಸೂರವೂ ಈ ಲೆಕ್ಕವನ್ನು ಮೀರಲಾರದು. ದೀಪ ದೊಡ್ಡದಾದರೆ ಹೊರಗೆ ಚೆಲ್ಲಿಹೋಗುವ ಬೆಳಕು ಹೆಚ್ಚುತ್ತದೆ, ಅಷ್ಟೇ. ಆದ್ದರಿಂದಲೇ ಲೇಸರ್ ಬಳಸುತ್ತಾರೆ. ಅದರ ಬೆಳಕು ಹೊರಡುವ ಜಾಗವೇ ಕೆಲವು ಮೈಕ್ರಾನ್. ಮಸೂರದಿಂದ ತಿರುಳಿಗೆ ಹೊಂದಿಸಬಹುದು.

ಇಷ್ಟು ಸಣ್ಣ ಬಾಗಿಲಿಗೆ ಒಂದು ಧೂಳಿನ ಕಣವೂ ಅಡ್ಡಿ. ಕೇಬಲ್ ತೀರಾ ಬಾಗಿದರೆ ಬೆಳಕು ತಿರುಳಿನಿಂದ ಸೋರಿಹೋಗುತ್ತದೆ. ಅಂದು ಆದದ್ದೂ ಅದೇ: ಕುರ್ಚಿಯ ಕಾಲಿನಡಿ ಕೇಬಲ್ ಮಡಚಿಕೊಂಡಿತ್ತು.

ಸಭಾಭವನಕ್ಕೆ ಬರುವವರಲ್ಲಿ ವಿನಂತಿ: ಕೇಬಲ್ ಮೇಲೆ ಕುರ್ಚಿ ಇಡಬೇಡಿ, ಕನೆಕ್ಟರ್ ಬಿಚ್ಚಬೇಡಿ, ಬಿಚ್ಚಿದ ತುದಿಗೆ ಕಣ್ಣಿಟ್ಟು ನೋಡಬೇಡಿ, ಅದರಲ್ಲಿರುವ ಲೇಸರ್ ಕಣ್ಣಿಗೆ ಕಾಣುವುದಿಲ್ಲ. ಮಕ್ಕಳ ಪಾಠ ತಪ್ಪದಿರಲಿ.

– ಕಾರ್ಯದರ್ಶಿ