ಕೃಷ್ಣಾತೀರದಲ್ಲಿ ಮೀನುಬೇಟೆಯ ಉಪಕರಣಗಳು ಮತ್ತು ಶಾಸನ

ವಿನೋದಕ್ಕಾಗಿ ಮೀನು ಹಿಡಿಯುವವನು ಯಾವ ಉಪಕರಣವನ್ನು ಬಳಸಬಹುದು, ಯಾವುದನ್ನು ಬಳಸಕೂಡದು ಎಂಬುದು ಮೇಲುನೋಟಕ್ಕೆ ಚಿಕ್ಕ ಪ್ರಶ್ನೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ನದೀತೀರದಲ್ಲಿ ನಿಂತು ವಿಚಾರಿಸಿದಾಗ ಅದರ ತೊಡಕು ತಿಳಿದುಬರುತ್ತದೆ.

ಈ ವಿಷಯದ ಶಾಸನಕ್ಕೆ ತಳಹದಿ ಹಾಕಿದುದು 1897ರ ಭಾರತೀಯ ಮೀನುಗಾರಿಕೆ ಕಾಯಿದೆ. ಅದರ 4ನೆಯ ಕಲಮು ಸಿಡಿಮದ್ದನ್ನೂ 5ನೆಯ ಕಲಮು ವಿಷ, ಸುಣ್ಣ ಮೊದಲಾದವುಗಳನ್ನೂ ನಿಷೇಧಿಸಿದವು. ಮೂಲ ಪಾಠದಲ್ಲಿ ಈ ಅಪರಾಧಗಳಿಗೆ ಎರಡು ತಿಂಗಳವರೆಗಿನ ಸೆರೆಮನೆವಾಸ ಇಲ್ಲವೆ 200 ರೂಪಾಯಿಗಳವರೆಗಿನ ದಂಡ ವಿಧಿಸಲಾಗಿತ್ತು. ಬಲೆಗಳ ಅಳತೆ, ಬಗೆ ಮತ್ತು ಬಳಕೆಯ ರೀತಿ, ನೆಲಕ್ಕೆ ನೆಟ್ಟ ಪಂಜರಗಳು, ಅಡ್ಡಗಟ್ಟೆಗಳು—ಇವುಗಳ ಬಗ್ಗೆ ನಿಯಮ ಮಾಡುವ ಅಧಿಕಾರವನ್ನು 6ನೆಯ ಕಲಮು ಸರಕಾರಕ್ಕೆ ಕೊಟ್ಟಿತು.

ಈ ಮೂರು ಕಲಮುಗಳಲ್ಲಿ ಈಟಿಯ ಹೆಸರಿಲ್ಲವೆಂಬುದು ಗಮನಾರ್ಹ. ಕಾರಣವನ್ನು ಊಹಿಸಬಹುದು. ಸಿಡಿಮದ್ದು ಮರಿ, ತಾಯಿ ಎನ್ನದೆ ಮಡುವಿನ ಜೀವರಾಶಿಯನ್ನೆಲ್ಲ ಕೊಲ್ಲುತ್ತದೆ. ಈಟಿಯಾದರೋ ಕಣ್ಣಿಗೆ ಕಂಡ ಒಂದೇ ಮೀನನ್ನು ತಿವಿಯುತ್ತದೆ. ಆದರೆ ಈ ವಾದ ನೀರು ತಿಳಿಯಾಗಿರುವವರೆಗೆ ಮಾತ್ರ ನಿಲ್ಲುತ್ತದೆ. ಮಳೆಗಾಲದಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಕೆಂಪಾಗಿ ಹರಿಯುತ್ತವೆ. ಗೆಂಡೆ ಜಾತಿಯ ಅನೇಕ ಮೀನುಗಳು ಮೊಟ್ಟೆಯಿಡುವುದೂ ಆಗಲೇ. ಆಗ ಈಟಿಗಾರನ ಗುರಿಗೆ ಬಿದ್ದುದು ಯಾವುದೆಂದು ಅವನೇ ಅರಿಯನು.

ಹೆಸರಿಸದಿರುವುದು ಅನುಮತಿಯೂ ಅಲ್ಲ. ಮೊದಲನೆಯದಾಗಿ, ನೀರಿನಲ್ಲಿ ಮೀನು ಹಿಡಿಯುವ ಹಕ್ಕು ಯಾರದೆಂಬುದನ್ನು ನೋಡಬೇಕು. ಗುತ್ತಿಗೆಯಾದ ಕೆರೆಯಲ್ಲಿ ಹವ್ಯಾಸಿ ಹಿಡಿದ ಮೀನು ಇನ್ನೊಬ್ಬರ ಹೊಟ್ಟೆಪಾಡು. ಎರಡನೆಯದಾಗಿ, ಕೃಷ್ಣೆಯಲ್ಲಿ ವಾಸಿಸುವ ಮೊಸಳೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ಅದಕ್ಕೆ ತಗುಲಿದ ಈಟಿ ಬೇರೆಯೇ ಅಪರಾಧವಾದೀತು. ಮೂರನೆಯದು ಗಡಿಯ ಪ್ರಶ್ನೆ. ಸಂವಿಧಾನದಲ್ಲಿ ಮೀನುಗಾರಿಕೆ ರಾಜ್ಯಪಟ್ಟಿಯ 21ನೆಯ ವಿಷಯ. 1956ರ ನವೆಂಬರ್ 1ರಂದು ಈ ಪ್ರದೇಶ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. ಮುಂದೆ ಮಹಾರಾಷ್ಟ್ರವು 1960ರ ತನ್ನ ಮೀನುಗಾರಿಕೆ ಕಾಯಿದೆಯನ್ನೂ ಕರ್ನಾಟಕವು 1996ರ ಒಳನಾಡು ಮೀನುಗಾರಿಕೆ ಕಾಯಿದೆಯನ್ನೂ ರಚಿಸಿಕೊಂಡವು. ನೃಸಿಂಹವಾಡಿಯನ್ನು ದಾಟಿ ಚಿಕ್ಕೋಡಿಯ ಕಡೆಗೆ ಬರುವ ಮೀನು ಅರಿಯದೆಯೇ ಒಂದು ಶಾಸನದಿಂದ ಇನ್ನೊಂದಕ್ಕೆ ಈಜುತ್ತದೆ. ಅದನ್ನು ಹಿಡಿಯುವವನು ಅರಿತಿರಬೇಕು.

ಆದುದರಿಂದ ಉಪಕರಣದ ಹೆಸರನ್ನಷ್ಟೇ ಕಾಯಿದೆಯ ಪುಟದಲ್ಲಿ ಹುಡುಕಿದರೆ ಸಾಲದು. ನೀರು ಯಾರದು, ಕಾಲ ಯಾವುದು, ಜೀವಿ ಯಾವುದು, ರಾಜ್ಯ ಯಾವುದು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆಯೇ ಈಟಿಯನ್ನು ಎತ್ತುವುದು ಯುಕ್ತ.