ಮೇಯರ್ ಸಾಹೇಬರ 225 ಚದರಡಿ

1976ರಲ್ಲಿ ಮುಂಬಯಿ ಮೇಯರ್ ಆಗಿದ್ದ ಮನೋಹರ ಜೋಶಿ 1995ರಲ್ಲಿ ಮುಖ್ಯಮಂತ್ರಿಯಾದರು. 40 ಲಕ್ಷ ಜೋಪಡಿವಾಸಿಗಳಿಗೆ ಪುಕ್ಕಟೆ ಮನೆ ಎಂದಿತು ಅವರ ಸರ್ಕಾರ. ಬಿಲ್ಡರ್ ಕುಟುಂಬಕ್ಕೆ 225 ಚದರಡಿ ಕಟ್ಟಿಕೊಡಬೇಕಿತ್ತು. ಪ್ರತಿಯಾಗಿ ಸಿಗುವ ಹೆಚ್ಚುವರಿ ಎಫ್‌ಎಸ್‌ಐನಲ್ಲಿ ಫ್ಲ್ಯಾಟ್ ಕಟ್ಟಿ ಮಾರಬಹುದು. ಬೊಕ್ಕಸಕ್ಕೆ ಹೊರೆಯಿಲ್ಲ, ಜಾಣ ಲೆಕ್ಕವೇ. ಆದರೆ ಬಿಲ್ಡರ್ ಹೋಗುವುದು ರೇಟು ಇರುವ ಕಡೆಗೆ ಮಾತ್ರ. ಗುರಿ ಹತ್ತಿರಕ್ಕೂ ಬರಲಿಲ್ಲ. ಸ್ಯಾನ್ ಆಂಟೋನಿಯೊ ಮೇಯರ್ ಆಗಿದ್ದು 1993ರಲ್ಲಿ ಅಮೆರಿಕದ ವಸತಿ ಸಚಿವರಾದ ಹೆನ್ರಿ ಸಿಸ್ನೆರೋಸ್ ಕೈಯಲ್ಲಿ ಕೇಂದ್ರದ ದುಡ್ಡಾದರೂ ಇತ್ತು.

ಜೋಶಿಯವರ ಯೋಜನೆಗೆ 1995ರ ಜನವರಿ 1ರ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕಿತ್ತು. ರಬಾಳೆಯ ನಮ್ಮ ಆಫೀಸಿನಲ್ಲಿ ಕಸ ಗುಡಿಸುವ ಕಲಬುರಗಿಯ ಅಕ್ಕ ಬಂದದ್ದು ಆಮೇಲೆ. ಜೋಪಡಿಯ ಲೈಟ್ ಬಿಲ್ ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿಟ್ಟಿದ್ದಾರೆ. "ಇದು ನಡೀತದೇನ್ರಿ ಸಾಹೇಬ್ರ?" ಎಂದು ನನ್ನನ್ನೇ ಕೇಳುತ್ತಾರೆ.