ನೀರಿಗೂ ಅನಿಲಕ್ಕೂ ಸಂಧಾನ

ರೇಷ್ಮೆಯ ಸೀರೆ, ಉಣ್ಣೆಯ ಕೋಟುಗಳನ್ನು ಡ್ರೈಕ್ಲೀನಿಂಗಿಗೆ ಕೊಡುವುದು ನಗರವಾಸಿಗಳಾದ ನಮಗೆ ರೂಢಿಯಾಗಿದೆ. ಅನೇಕ ಕಡೆಗಳಲ್ಲಿ ಇದಕ್ಕೆ ಪರ್‌ಕ್ಲೋರೋಎಥಿಲೀನ್ ಎಂಬ ದ್ರಾವಕವನ್ನು ಬಳಸುತ್ತಾರೆ. ಇದರ ಆವಿಯಿಂದ ತಲೆನೋವು, ತಲೆಸುತ್ತು ಉಂಟಾಗಬಹುದು. ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡುವ ಸಂಭವವುಳ್ಳ ವಸ್ತುಗಳ ವರ್ಗಕ್ಕೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಇದನ್ನು ಸೇರಿಸಿದೆ. ದಿನವಿಡೀ ಇದರ ನಡುವೆಯೇ ದುಡಿಯುವ ಕೆಲಸಗಾರರಿಗೆ ಅಪಾಯವು ಹೆಚ್ಚು. ಇದಕ್ಕೆ ಬದಲಾಗಿ, ನಮ್ಮ ಉಸಿರಿನೊಡನೆ ಹೊರಬೀಳುವ ಕಾರ್ಬನ್ ಡೈಆಕ್ಸೈಡನ್ನೇ ಬಳಸಬಹುದಲ್ಲವೆ?

ಬಳಸಬಹುದು. ಈ ಅನಿಲವನ್ನು ಬಲವಾಗಿ ಒತ್ತಿದರೆ ದ್ರವವಾಗುತ್ತದೆ. ಉಷ್ಣತೆಯು 31 ಡಿಗ್ರಿ ಸೆಲ್ಸಿಯಸ್ಸನ್ನೂ ಒತ್ತಡವು ವಾಯುಮಂಡಲದ ಸುಮಾರು 73 ಪಟ್ಟನ್ನೂ ಮೀರಿದಾಗ ಅದು ಅನಿಲದಂತೆ ಹರಡುತ್ತದೆ, ದ್ರವದಂತೆ ಕರಗಿಸುತ್ತದೆ. ಒತ್ತಡವನ್ನು ಇಳಿಸಿದೊಡನೆ ಬಟ್ಟೆಯನ್ನು ಬಿಟ್ಟು ಹೊರಟುಹೋಗುತ್ತದೆ. ಆದರೆ ಬೆವರಿನ ಉಪ್ಪು, ಸಕ್ಕರೆಯ ಕಲೆ ಮೊದಲಾದುವನ್ನು ಅದು ಕರಗಿಸಲಾರದು. ಅವುಗಳಿಗೆ ನೀರೇ ಬೇಕು. ನೀರಾದರೋ ಇದರೊಡನೆ ಬೆರೆಯದು.

ಇಲ್ಲಿ ಸಂಧಾನಕ್ಕೆ ಬರುವುದು ಸರ್ಫ್ಯಾಕ್ಟಂಟ್. ಸಾಬೂನು ಇದೇ ಜಾತಿಯದು. ಇದರ ಅಣುವಿಗೆ ನೀರನ್ನು ಬಯಸುವ ತಲೆಯೂ ನೀರನ್ನು ದೂರವಿಡುವ ಬಾಲವೂ ಉಂಟು. ಸಾಮಾನ್ಯ ಸಾಬೂನಿನ ಬಾಲವು ಎಣ್ಣೆಗೆ ಒಲಿಯುತ್ತದೆಯೇ ಹೊರತು ಕಾರ್ಬನ್ ಡೈಆಕ್ಸೈಡಿಗೆ ಒಲಿಯದು. ಈ ಅನಿಲದ ಅಣುಗಳ ಪರಸ್ಪರ ಆಕರ್ಷಣೆ ಬಲು ದುರ್ಬಲ; ಬಾಲವೂ ಅಂಥದೇ ಆಗಿರಬೇಕು. ಫ್ಲೋರಿನ್ ಸೇರಿದ ಬಾಲಗಳು ಇದಕ್ಕೆ ಒಪ್ಪಿದವು. ಅಂಥ ಅಣುಗಳು ತಲೆಗಳನ್ನು ಒಳಕ್ಕೂ ಬಾಲಗಳನ್ನು ಹೊರಕ್ಕೂ ಚಾಚಿ, ಕೆಲವೇ ನ್ಯಾನೋಮೀಟರ್ ಅಗಲದ ನೀರಿನ ಹನಿಗಳನ್ನು ಸುತ್ತುವರಿಯುತ್ತವೆ. ಇದೇ ಮೈಕ್ರೋಎಮಲ್ಷನ್. ಹಾಲೂ ಒಂದು ಎಮಲ್ಷನ್ನೇ. ಆದರೆ ಅದು ಬೆಳ್ಳಗೆ ಕಾಣುತ್ತದೆ, ಇಟ್ಟರೆ ಕೆನೆ ಕಟ್ಟುತ್ತದೆ. ಇದರ ಹನಿಗಳು ಅತಿ ಸಣ್ಣವಾದುದರಿಂದ ಮಿಶ್ರಣವು ತಿಳಿಯಾಗಿರುತ್ತದೆ, ತಾನಾಗಿ ಬೇರ್ಪಡುವುದಿಲ್ಲ. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಕೀತ್ ಜಾನ್‌ಸ್ಟನ್ ಮತ್ತು ಸಂಗಡಿಗರು 1996ರಲ್ಲಿ ಇಂಥ ಹನಿಗಳೊಳಗೆ ಪ್ರೋಟೀನನ್ನು ಸಹ ಕರಗಿಸಿ ತೋರಿಸಿದರು. 1990ರ ದಶಕದ ಕೊನೆಗೆ ದ್ರವರೂಪದ ಕಾರ್ಬನ್ ಡೈಆಕ್ಸೈಡಿನಲ್ಲಿ ಬಟ್ಟೆ ಶುಚಿಮಾಡುವ ಯಂತ್ರಗಳು ಅಮೆರಿಕದಲ್ಲಿ ಬಳಕೆಗೆ ಬಂದವು.

ಆದರೂ ತೊಡಕುಗಳಿವೆ. ಅಧಿಕ ಒತ್ತಡವನ್ನು ತಾಳುವ ಯಂತ್ರಗಳು ದುಬಾರಿ. ಫ್ಲೋರಿನ್ ಸೇರಿದ ಇಂಥ ವಸ್ತುಗಳು ಮಣ್ಣಿನಲ್ಲೂ ನೀರಿನಲ್ಲೂ ದೀರ್ಘಕಾಲ ಅಳಿಯದೆ ಉಳಿಯುತ್ತವೆ. ಒಂದು ವಿಷವನ್ನು ಕಳೆಯಲು ಇನ್ನೊಂದನ್ನು ತರುವುದು ವಿವೇಕವಲ್ಲ. ಆದ್ದರಿಂದಲೇ ಫ್ಲೋರಿನ್ನಿಲ್ಲದ, ಕವಲೊಡೆದ ಬಾಲಗಳುಳ್ಳ ಸರ್ಫ್ಯಾಕ್ಟಂಟುಗಳತ್ತ ರಸಾಯನಶಾಸ್ತ್ರಜ್ಞರು ಗಮನ ಹರಿಸಿದ್ದಾರೆ.

ಅಲ್ಲಿಯವರೆಗೆ ನಾವು ಮಾಡಬಹುದಾದುದು ಇಷ್ಟು: ಡ್ರೈಕ್ಲೀನಿಂಗಿನಿಂದ ಬಂದ ಬಟ್ಟೆಯನ್ನು ಪ್ಲಾಸ್ಟಿಕ್ ಹೊದಿಕೆಯಿಂದ ತೆಗೆದು, ಬಾಲ್ಕನಿಯಲ್ಲೋ ತೆರೆದ ಕಿಟಕಿಯ ಬಳಿಯೋ ಚೆನ್ನಾಗಿ ಗಾಳಿಗೆ ಹಾಕಿ, ಆಮೇಲೆ ಕಪಾಟಿನಲ್ಲಿ ಇಡುವುದು.